ಕಡಲೆ ಚೀಲದ ಚಕ್ರಬಡ್ಡಿ

ಮಕ್ಕಳೇ, ಹೋದ ವಾರ ಗಜೇಂದ್ರಗಡದಿಂದ ಮೊಮ್ಮಗಳು ರೋಣಕ್ಕೆ ಬಂದಿದ್ದಳು. ಈಗ ಆರನೇ ಇಯತ್ತೆ. ಉಸಳಿ ಮಾಡಬೇಕೆಂದು ಅಜ್ಜಿ ಮೊರದ ತುಂಬ ಕಡಲೆ ಹಾಕಿ, ಹಸನು ಮಾಡಲು ಅವಳ ಕೈಗೆ ಕೊಟ್ಟಿದ್ದಳು. ಹುಡುಗಿ ಒಂದು ಕಾಳನ್ನು ಕಣ್ಣಿನ ಹತ್ತಿರ ಹಿಡಿದು, "ಅಜ್ಜಾ, ಈ ಕಡ್ಲಿಗೆ ಯಾರೋ ಸುಣ್ಣದ ಚುಕ್ಕಿ ಇಟ್ಟಾರ ನೋಡು" ಅಂದಳು.

ಕನ್ನಡಕ ಏರಿಸಿ ನೋಡಿದೆ. ಸಾಸಿವೆಗಿಂತ ಸಣ್ಣದಾದ ಬಿಳಿ ಚುಕ್ಕಿ. ಇಬ್ಬರೂ ಕೂತು 200 ಕಾಳು ಎಣಿಸಿದೆವು. 37 ಕಾಳುಗಳ ಮೇಲೆ ಚುಕ್ಕಿ ಇತ್ತು, 5ಕ್ಕೆ ಗುಂಡುಸೂಜಿಯಿಂದ ಕೊರೆದಂಥ ತೂತು ಬಿದ್ದಿತ್ತು.

ನಮ್ಮ ಕಡೆ ಕಾಳಿಗೆ ಬೀಳುವ ಹುಳಕ್ಕೆಲ್ಲ ನುಸಿ ಅಂತಲೇ ಅನ್ನುತ್ತೇವೆ. ಇದು ಕಾಳು ಕೊರೆಯುವ ದುಂಬಿಯ ಕೆಲಸ. ಆ ಬಿಳಿ ಚುಕ್ಕಿ ಅದರ ತತ್ತಿ. ತಾಯಿ ದುಂಬಿ ತತ್ತಿಯನ್ನು ಕಾಳಿಗೆ ಅಂಟಿಸಿ ಹೋಗುತ್ತದೆ. ಐದಾರು ದಿನಕ್ಕೆ ಮರಿ ಹೊರಗೆ ಮುಖ ತೋರಿಸದೆ ನೇರವಾಗಿ ಕಾಳಿನೊಳಗೇ ಕೊರೆದು ಇಳಿಯುತ್ತದೆ. ಒಳಗೇ ತಿಂದು, ಒಳಗೇ ಬೆಳೆದು, ಸುಮಾರು ಒಂದು ತಿಂಗಳಿಗೆ ದುಂಬಿಯಾಗಿ ದುಂಡನೆಯ ತೂತು ಮಾಡಿಕೊಂಡು ಹೊರಬರುತ್ತದೆ. ತಮಾಷೆ ಏನೆಂದರೆ, ನಾವು ಕಂಡು ಬೈಯುವ ಆ ದುಂಬಿ ಕಾಳನ್ನು ತಿನ್ನುವುದೇ ಇಲ್ಲ. ತಿಂದದ್ದೆಲ್ಲ ನಮಗೆ ಕಾಣದ ಮರಿ.

ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು ನಾನು. ಲೆಕ್ಕ ಬಿಡುವವನಲ್ಲ. ಒಂದು ಹೆಣ್ಣು ದುಂಬಿ 80 ತತ್ತಿ ಇಟ್ಟಿತು ಅನ್ನಿ, ಅದರಲ್ಲಿ 40 ಹೆಣ್ಣು. ಮುಂದಿನ ತಿಂಗಳು 3,200. ಅದರಲ್ಲಿ 1,600 ಹೆಣ್ಣು. ಮೂರನೇ ತಿಂಗಳಿಗೆ 1,28,000! ಎಲ್ಲವೂ ಬದುಕುವುದಿಲ್ಲ, ನಿಜ. ಆದರೂ ಇದು ಚಕ್ರಬಡ್ಡಿ. ಸಾಲ ಸಣ್ಣದಿದ್ದಾಗಲೇ ತೀರಿಸಬೇಕು.

ಇದನ್ನೆಲ್ಲ ಹೇಳುತ್ತಿದ್ದಾಗ ಮೊಮ್ಮಗಳು, "ಹಂಗಾರ ಅಂಗಡಿಯಿಂದ ಔಷಧ ತಂದು ಹಾಕಿಬಿಡು ಅಜ್ಜಾ" ಅಂದಳು. ಒಳಗಿನಿಂದ ಅಜ್ಜಿ ಬಾಗಿಲಿಗೆ ಬಂದು ನನ್ನ ಮುಖ ನೋಡಿದಳು. ಮೂವತ್ತೈದು ವರ್ಷದಿಂದ ಮನೆಯಲ್ಲಿ ಯಾರೂ ಎತ್ತದ ಮಾತು ಅದು. ಇವತ್ತು ನಿಮಗೂ ಹೇಳಿಬಿಡುತ್ತೇನೆ.

ಆಗ ನಾನು ನರಗುಂದದಲ್ಲಿ ನೌಕರಿಯಲ್ಲಿದ್ದೆ. 1989ರ ಬೇಸಿಗೆ. ಹೊಲದಿಂದ ಬಂದ ಎರಡು ಚೀಲ ಕಡಲೆ ನಡುಮನೆಯಲ್ಲಿತ್ತು. ನುಸಿ ಬಿತ್ತು. ಅಂಗಡಿಯಲ್ಲಿ ಕೇಳಿದೆ. ಬೂದು ಬಣ್ಣದ ನಾಲ್ಕು ಗುಳಿಗೆ ಕೊಟ್ಟ. "ಚೀಲದಾಗ ಹಾಕಿ ಬಾಯಿ ಕಟ್ರಿ, ಒಂದ ಹುಳಾ ಉಳಿಯಂಗಿಲ್ಲ" ಅಂದ. ಡಬ್ಬಿಯ ಮೇಲೆ ಇಂಗ್ಲಿಷಿನಲ್ಲಿ ಸಣ್ಣ ಅಕ್ಷರದ ಎಚ್ಚರಿಕೆ ಇತ್ತು. ದಿನವಿಡೀ ಪರರ ಲೆಡ್ಜರನ್ನು ಸಾಲು ಬಿಡದೆ ಓದುವ ನಾನು ಅದನ್ನು ಓದಲಿಲ್ಲ.

ಸೆಕೆಗಾಲವಾದ್ದರಿಂದ ಮಾಳಿಗೆಯ ಮೇಲೆ ಮಲಗುತ್ತಿದ್ದೆವು. ಅವತ್ತೇ ರಾತ್ರಿ ಅಡ್ಡಮಳೆ ಬಂತು. ಹಾಸಿಗೆ ಸುತ್ತಿಕೊಂಡು ಕೆಳಗೆ ಬಂದು, ನಡುಮನೆಯ ಪಕ್ಕದ ಕೋಣೆಯಲ್ಲಿ ಕಿಟಕಿ ಹಾಕಿ ಮಲಗಿದೆವು. ನಡುರಾತ್ರಿ ನಾಲ್ಕು ವರ್ಷದ ಮಗಳು ವಾಂತಿ ಮಾಡಿಕೊಂಡು ಅಳತೊಡಗಿದಳು. ನನಗೂ ತಲೆ ಸಿಡಿಯುತ್ತಿತ್ತು. "ಬಳ್ಳೊಳ್ಳಿ ವಾಸನಿ ಎಲ್ಲಿಂದ ಬರಾಕತ್ತೈತಿ?" ಅಂತ ಹೆಂಡತಿ ಕೇಳಿದಾಗ ನನ್ನ ಎದೆ ಧಸಕ್ಕೆಂದಿತು. ಮಗುವನ್ನು ಎತ್ತಿಕೊಂಡು ಮಳೆಯಲ್ಲೇ ದವಾಖಾನೆಗೆ ಓಡಿದೆ. ಎರಡು ದಿನ ಅಲ್ಲೇ ಇಟ್ಟುಕೊಂಡರು. ಮಗು ಉಳಿಯಿತು. ಡಾಕ್ಟರು ಹೇಳಿದ ಮಾತು ಒಂದೇ: "ಇದಕ್ಕೆ ಮದ್ದಿಲ್ಲ, ನಿಮ್ಮ ದೈವ ದೊಡ್ಡದು."

ಆ ಗುಳಿಗೆ ಅಲ್ಯೂಮಿನಿಯಂ ಫಾಸ್ಫೈಡ್. ಗಾಳಿಯ ತೇವ ತಾಗಿದರೆ ಸಾಕು, ಫಾಸ್ಫೀನ್ ಎಂಬ ವಿಷಾನಿಲ ಬಿಡುತ್ತದೆ. ಆ ಅನಿಲಕ್ಕೆ ಚೀಲದ ಬಾಯಿ, ಬಾಗಿಲಿನ ಸಂದು ಲೆಕ್ಕಕ್ಕಿಲ್ಲ. ಈ ಗುಳಿಗೆ ಮನೆಯಲ್ಲಿ ಬಳಸುವಂಥದ್ದೇ ಅಲ್ಲ. ಸರಕಾರಿ ಸಂಸ್ಥೆಗಳು ಮತ್ತು ಪರವಾನಗಿ ಪಡೆದ ಕೀಟ ನಿಯಂತ್ರಣದವರು ಮಾತ್ರ, ತಜ್ಞರ ಉಸ್ತುವಾರಿಯಲ್ಲಿ ಉಗ್ರಾಣಗಳಲ್ಲಿ ಬಳಸಬೇಕೆಂದು ನಿಯಮವಿದೆ. ಆದ್ದರಿಂದ ಅಜ್ಜ ಅಜ್ಜಿಯರೇ, ಯಾರಾದರೂ ಕೊಟ್ಟರೂ ತರಬೇಡಿ. ಕಾಳಿಟ್ಟ ಮನೆಯಲ್ಲಿ ಬಳ್ಳೊಳ್ಳಿ ಇಲ್ಲವೇ ಕೊಳೆತ ಮೀನಿನಂಥ ವಾಸನೆ ಬಂದರೆ ಮೊದಲು ಎಲ್ಲರೂ ಹೊರಗೆ ಬನ್ನಿ, ತಡಮಾಡದೆ ದವಾಖಾನೆಗೆ ಹೋಗಿ. ಗುಳಿಗೆಯ ಮೇಲೆ ನೀರಂತೂ ಸುರಿಯಬೇಡಿ, ಅನಿಲ ಇನ್ನೂ ಜೋರಾಗುತ್ತದೆ.

ಹಾಗಾದರೆ ನಮ್ಮ ಹಿರಿಯರು ಏನು ಮಾಡುತ್ತಿದ್ದರು? ನನ್ನ ಅವ್ವ ತೊಗರಿಗೆ ಕೆಮ್ಮಣ್ಣು ಕಟ್ಟಿ ಒಣಗಿಸುತ್ತಿದ್ದಳು. ಹೆಸರಿಗೆ ಒಲೆಯ ಬೂದಿ ಬೆರೆಸುತ್ತಿದ್ದಳು. ದುಂಬಿ ತತ್ತಿ ಅಂಟಿಸಲು ಕಾಳಿನ ಮೈ ನುಣುಪಾಗಿ ಸಿಗಬೇಕು. ಮಣ್ಣು, ಬೂದಿ ಮೆತ್ತಿದರೆ ಸಿಗುವುದಿಲ್ಲ. ಸಂದಿನಲ್ಲಿ ಓಡಾಡಲೂ ಅದಕ್ಕೆ ಜಾಗವಿರುವುದಿಲ್ಲ. ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚುತ್ತಿದ್ದರು. ಒಳಗಿನ ಗಾಳಿ ತೀರಿ ಹುಳ ಉಸಿರುಗಟ್ಟಿ ಸಾಯುತ್ತಿತ್ತು. ಅದಕ್ಕೇ ಹಗೇವು ತೆರೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಮೊದಲು ಕಂದೀಲು ಇಳಿಬಿಡುವುದು, ಅದು ಆರಿದರೆ ಮನುಷ್ಯನೂ ಇಳಿಯಬಾರದು ಅಂತ ಲೆಕ್ಕ. ಇದೇ ಉಪಾಯ ಆಫ್ರಿಕಾದಲ್ಲೂ ಕೆಲಸ ಮಾಡಿದೆ. ಕ್ಯಾಮೆರೂನ್ ದೇಶದಲ್ಲಿ ಅಲಸಂದೆಗೆ ಇಂಥದೇ ದುಂಬಿಯ ಕಾಟ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು 1980ರ ದಶಕದ ಕೊನೆಯಲ್ಲಿ ಅಲ್ಲಿಯ ಜನರೊಡನೆ ಸೇರಿ ಗಾಳಿಯಾಡದ ಮೂರು ಪದರದ ಚೀಲ ಮಾಡಿದರು. ವಿಷವಿಲ್ಲದೆ ಕಾಳು ಉಳಿಯಿತು.

ನಾವು ಮನೆಯಲ್ಲಿ ಮಾಡಿದ್ದು ಇಷ್ಟು. ಮಾಳಿಗೆಯ ಮೇಲೆ ಕರಿಯ ಹಾಳೆ ಹಾಸಿ, ಕಡಲೆಯನ್ನು ತೆಳ್ಳಗೆ ಹರವಿ, ಮೇಲೆ ತಿಳಿಯಾದ ಪ್ಲಾಸ್ಟಿಕ್ ಹೊದಿಸಿ, ಅಂಚಿಗೆ ಕಲ್ಲಿಟ್ಟೆವು. ರಣಬಿಸಿಲಿನಲ್ಲಿ ಒಳಗೆ 57 ಡಿಗ್ರಿ ತಲುಪಿ ಒಂದು ತಾಸು ನಿಂತರೆ ಕಾಳಿನೊಳಗಿನ ಮರಿಯೂ ಸಾಯುತ್ತದೆ. ಬರೀ ಬಿಸಿಲಿಗೆ ಹಾಕಿದರೆ ದುಂಬಿ ಹಾರಿಹೋಗುತ್ತದೆ, ಮರಿ ಒಳಗೇ ಉಳಿಯುತ್ತದೆ. ಆಮೇಲೆ ಕಾಳು ಪೂರಾ ಆರಲು ಬಿಟ್ಟು, ಕಿಲೋಗೆ ಒಂದು ಸಣ್ಣ ಚಮಚದಂತೆ, ಅಂದರೆ 5 ಮಿಲಿಲೀಟರ್, ಅಡುಗೆ ಎಣ್ಣೆ ಸವರಿದೆವು. ತತ್ತಿಗೆ ಉಸಿರಾಡಲು ಎಣ್ಣೆ ಬಿಡುವುದಿಲ್ಲ. ಕೊನೆಗೆ ಗಟ್ಟಿ ಮುಚ್ಚಳದ ಡಬ್ಬಿಗೆ ತುಂಬಿದೆವು. ಹಳೆಯ ಚೀಲವನ್ನು ಕುದಿಯುವ ನೀರಿನಲ್ಲಿ ಅದ್ದಿ ಒಣಗಿಸಿದೆವು, ಅದರ ಹೊಲಿಗೆಯಲ್ಲೂ ದುಂಬಿ ಅಡಗಿರುತ್ತದೆ.

ಹೊಲದಲ್ಲೂ ಇದೇ ಲೆಕ್ಕ. ನಮ್ಮ ಎರೆ ಭೂಮಿಯ ಕಡಲೆಗೆ ದೊಡ್ಡ ಶತ್ರು ಕಾಯಿ ಕೊರೆಯುವ ಹಸಿರು ಹುಳ. ಹುಳ ಒಂದು ಕಂಡರೆ ಸಾಕು, ಬೆನ್ನಿಗೆ ಪಂಪು ಏರಿಸುವವರಿದ್ದಾರೆ. ಆದರೆ ಹೊಡೆದ ಎಣ್ಣೆಗೆಲ್ಲ ಒಗ್ಗಿಕೊಂಡು ಬದುಕುವುದರಲ್ಲಿ ಈ ಹುಳ ಜಗತ್ತಿನಲ್ಲೇ ಹೆಸರುವಾಸಿ. ಮೊದಲು ಒಂದು ಮೀಟರ್ ಸಾಲಿನಲ್ಲಿ ಎಣಿಸಬೇಕು. ಒಂದೆರಡಕ್ಕೆ ಮುಟ್ಟಿದರೆ ಆಗ ಹುಲಕೋಟಿಯ ಕೃಷಿ ವಿಜ್ಞಾನ ಕೇಂದ್ರದವರನ್ನು ಕೇಳಿ ಮುಂದಿನದು. ಅಲ್ಲಿಯವರೆಗೆ ಕೆಲಸ ಹಕ್ಕಿಗಳದು. ಕಡಲೆಯ ನಡುವೆ ಅಲ್ಲಲ್ಲಿ ಜೋಳದ ದಂಟು ಇದ್ದರೆ ಕಾಜಾಣ ಬಂದು ಕೂರುತ್ತದೆ, ಹುಳ ಹೆಕ್ಕುತ್ತದೆ. ಎಳ್ಳಮಾಸಿಗೆ ನಾವು ಹೊಲದಲ್ಲಿ ಚರಗ ಚೆಲ್ಲುತ್ತೇವಲ್ಲ, ಆಗ ಕಡಲೆ ಹೂವು ಕಾಯಿ ಹಿಡಿಯುವ ಕಾಲ, ಹುಳ ಏರುವ ಕಾಲ. ಚರಗದ ಅನ್ನಕ್ಕೆ ಬಂದ ಹಕ್ಕಿ ಹುಳವನ್ನೂ ಹೆಕ್ಕಿ ಹೋಗಲಿ ಅಂತಲೇ ಹಿರಿಯರು ಹೀಗೆ ಮಾಡಿದರು ಅಂತ ನನ್ನ ಅಪ್ಪ ಹೇಳುತ್ತಿದ್ದ. ಭೂತಾಯಿಗೆ ಕೊಟ್ಟದ್ದು ಹಕ್ಕಿಗೂ ಸಂದಿತು.

ಮಕ್ಕಳೇ, ನೀವೂ ಒಂದು ಪರೀಕ್ಷೆ ಮಾಡಿ. ಎರಡು ಗಾಜಿನ ಬಾಟಲಿ ತೆಗೆದುಕೊಂಡು, ಒಂದೊಂದರಲ್ಲಿ 50 ಒಳ್ಳೆಯ ಕಡಲೆ ಹಾಕಿ. ಒಂದರ ಕಾಳಿಗೆ ಒಂದೇ ಹನಿ ಎಣ್ಣೆ ಹಾಕಿ ಚೆನ್ನಾಗಿ ಕುಲುಕಿ. ಎರಡಕ್ಕೂ ನಾಲ್ಕು ನಾಲ್ಕು ದುಂಬಿ ಬಿಟ್ಟು, ಬಾಯಿಗೆ ತೆಳು ಬಟ್ಟೆ ಕಟ್ಟಿ. ವಾರಕ್ಕೊಮ್ಮೆ ಚುಕ್ಕಿ ಎಣಿಸಿ, ಒಂದೂವರೆ ತಿಂಗಳ ಮೇಲೆ ತೂತು ಎಣಿಸಿ, ತಾರೀಖು ಹಾಕಿ ಬರೆದಿಡಿ.

ಮೊಮ್ಮಗಳು ಆಗಲೇ ಶುರು ಮಾಡಿದ್ದಾಳೆ. ಮೊನ್ನೆ ಅವಳನ್ನು ಕರೆದೊಯ್ಯಲು ಅವಳ ಅವ್ವ ಬಂದಿದ್ದಳು. 1989ರ ಆ ರಾತ್ರಿ ನನ್ನ ಹೆಗಲ ಮೇಲಿದ್ದವಳು ಅವಳೇ. ಅವಳಿಗೆ ಅದು ನೆನಪಿಲ್ಲ. ತಾಯಿ ಮಗಳು ಇಬ್ಬರೂ ಎರಡು ಬಾಟಲಿಗಳನ್ನು ಟವೆಲಿನಲ್ಲಿ ಸುತ್ತಿಕೊಂಡು ಗಜೇಂದ್ರಗಡದ ಬಸ್ಸು ಹತ್ತಿದರು. ಅಂಗಡಿಯ ಚೀಟಿ ಇರಲಿ, ಔಷಧದ ಡಬ್ಬಿ ಇರಲಿ, ಸಣ್ಣ ಅಕ್ಷರವನ್ನು ಮೊದಲು ಓದಬೇಕು ಅಂತ ಬಸ್ಸಿನ ಕಿಟಕಿಯಲ್ಲಿ ಇಬ್ಬರಿಗೂ ಇನ್ನೊಮ್ಮೆ ಹೇಳಿದೆ.