ಅಳುವುದಕ್ಕೂ ಗಡುವೇ?

ಅಲ್ಲಾ ಸ್ವಾಮಿ, ಗಂಡ ಸತ್ತವಳು ಎಷ್ಟು ದಿನ ಅಳಬೇಕು ಅಂತ ಹೇಳೋಕೆ ಇವರ್ಯಾರು? ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್‌ಎಂ ಇದೆಯಲ್ಲ, ಅದರ 1994ರ ಆವೃತ್ತಿಯಲ್ಲಿ ಸಾವಿನ ಮನೆಯವರಿಗೆ ಎರಡು ತಿಂಗಳ ವಿನಾಯಿತಿ ಇತ್ತು. 2013ರಲ್ಲಿ ಅದನ್ನೂ ಕಿತ್ತುಹಾಕಿದರು. ಎರಡು ವಾರ ಐದು ಲಕ್ಷಣ ಕಂಡರೆ ಖಿನ್ನತೆ ಅನ್ನಬಹುದು! (ವೈದ್ಯರ ವಿವೇಚನೆ ಅಂತ ಒಂದು ಅಡಿಟಿಪ್ಪಣಿ ಬೇರೆ.) ಹಳೆಯ ಆವೃತ್ತಿಯ ಮುಖ್ಯಸ್ಥರಾಗಿದ್ದ ಅಲೆನ್ ಫ್ರಾನ್ಸಿಸ್ ಅವರೇ ಇದನ್ನು ವಿರೋಧಿಸಿದ್ದರು.

ನಾನು ಕ್ರೈಸ್ತ. ಲಾಜರನನ್ನು ಎಬ್ಬಿಸುತ್ತೇನೆ ಅಂತ ಗೊತ್ತಿದ್ದೂ ಯೇಸು ಅವನ ಸಮಾಧಿಗೆ ಹೋಗುವಾಗ ಅತ್ತ. ನೋಡಿದವರು ಅದನ್ನು ಪ್ರೀತಿ ಅಂದರು. ನಾವು ಈಗ ಲಕ್ಷಣ ಎಣಿಸುತ್ತೇವೆ.

ಮಾತ್ರೆ ಬಿಡಿ ಅಂತ ನಾನು ಹೇಳ್ತಿಲ್ಲ. ಪ್ರಾರ್ಥನೆಯೊಂದೇ ಸಾಕು ಅನ್ನುವ ಪಾದ್ರಿಗಳ ಮೇಲೂ ನನಗೆ ಸಿಟ್ಟಿದೆ. ಆದರೆ ಸಮಿತಿ ಕೂತು ಬದಲಾಯಿಸುವ ಗಡುವಿಗೆ ವಿಜ್ಞಾನ ಅಂತ ನಾನ್ಯಾಕೆ ಕೈಮುಗಿಯಲಿ, ನೀವೇ ಹೇಳಿ?