ಸೀರೆಗೂ ಒಂದು ಅಂಕಿತ ಬೇಕು

ಜೇಡರ ದಾಸಿಮಯ್ಯ ವೃತ್ತಿಯಿಂದ ನೇಕಾರ. ಅವನ ವಚನಗಳನ್ನು ‘ರಾಮನಾಥ’ ಎಂಬ ಅಂಕಿತದಿಂದ ಇಂದಿಗೂ ಗುರುತಿಸುತ್ತೇವೆ. ಅವನು ನೇಯ್ದ ಬಟ್ಟೆಯಾದರೋ ಉಳಿದಿಲ್ಲ. ಉಳಿದಿದ್ದರೂ ಅದು ಅವನದೆಂದು ಹೇಳುವ ಗುರುತು ಅದರಲ್ಲಿ ಇರುತ್ತಿರಲಿಲ್ಲ. ಕವಿಯ ಕಾಲ, ಮತ, ಆಶ್ರಯದಾತರನ್ನು ಕುರಿತು ಪುಟಗಟ್ಟಲೆ ಚರ್ಚಿಸಿರುವ ನಾವು ಸೀರೆಯನ್ನು ಊರಿನ ಹೆಸರಿನಿಂದ ಕರೆದು ಸುಮ್ಮನಾಗಿದ್ದೇವೆ: ಇಳಕಲ್ಲು, ಮೊಳಕಾಲ್ಮೂರು, ಉಡುಪಿ. ನೇಯ್ದವರು ಯಾರೆಂದು ಕೇಳಿದವರು ವಿರಳ.

ಈ ಹಿನ್ನೆಲೆಯಲ್ಲಿ ಪವಿತ್ರಾ ಮುದ್ದಯ್ಯ ಅವರ ಕೆಲಸ ಗಮನಾರ್ಹವಾದುದು. ಕೊಡಗಿನ ಮೂಲದ ಅವರ ತಾಯಿ ಚಿಮಿ ನಂಜಪ್ಪನವರು ಮಗಳೊಡಗೂಡಿ 1974ರಲ್ಲಿ ಬೆಂಗಳೂರಿನಲ್ಲಿ ‘ವಿಮೋರ್’ ಸಂಸ್ಥೆಯನ್ನು ಆರಂಭಿಸಿದರು. ಹಳೆಯ ಸೀರೆಗಳನ್ನು ಸಂಗ್ರಹಿಸಿ, ಅವುಗಳ ಅಂಚು, ಸೆರಗು, ಒಡಲಿನ ವಿನ್ಯಾಸಗಳನ್ನು ಅಭ್ಯಸಿಸಿ, ಕೈಮಗ್ಗದ ನೇಕಾರರಿಂದ ಮತ್ತೆ ನೇಯಿಸುವುದು ಅವರ ಮಾರ್ಗ. ಹಾಗೆ ರೂಪಿಸಿದ ವಿನ್ಯಾಸವನ್ನು ಅವರು ಸ್ವತ್ತಾಗಿ ಹಿಡಿದಿಟ್ಟುಕೊಳ್ಳಲಿಲ್ಲ. ನೇಕಾರರು ಅದನ್ನು ನೇಯ್ದು ಬೇರೆಯವರಿಗೂ ಮಾರಿಕೊಳ್ಳಬಹುದು. ಪರಂಪರೆಯಿಂದ ಪಡೆದುದನ್ನು ಪರಂಪರೆಯ ವಾರಸುದಾರರಿಗೇ ಹಿಂದಿರುಗಿಸುವ ಈ ನಡೆ, ಕಲಾವಿದರ ಕುರಿತ ನಮ್ಮ ಕಲ್ಪನೆಯನ್ನೇ ತಿದ್ದುವಂಥದು.

ಬೆಂಗಳೂರಿಗೆ ಸುಮಾರು ನಲವತ್ತು ಕಿಲೋಮೀಟರ್ ದೂರದ ದೊಡ್ಡಬಳ್ಳಾಪುರ ಈ ನಡೆಯಿಂದ ಕಲಿಯಬೇಕಾದುದಿದೆ. ಇಲ್ಲಿಯ ಬೀದಿಬೀದಿಗಳಲ್ಲಿ ವಿದ್ಯುತ್ ಮಗ್ಗಗಳು ಸದ್ದು ಮಾಡುತ್ತವೆ. ಹಾಸು–ಹೊಕ್ಕುಗಳನ್ನು ತಲೆಮಾರುಗಳಿಂದ ಬಲ್ಲ ಕುಟುಂಬಗಳು ಇಲ್ಲಿವೆ. ಆದರೆ ನೂಲು ಕೊಡುವವರು ಒಬ್ಬರು, ವಿನ್ಯಾಸ ಕೊಡುವವರು ಇನ್ನೊಬ್ಬರು, ಬೆಲೆ ಕಟ್ಟುವವರು ಮತ್ತೊಬ್ಬರು ಎಂದಾದಾಗ ನೇಕಾರನಿಗೆ ಉಳಿಯುವುದು ಕೂಲಿ ಮಾತ್ರ. ಸೂರತ್ತಿನ ಅಗ್ಗದ ಸೀರೆ ಪೇಟೆಗೆ ಇಳಿದೊಡನೆ ಆ ಕೂಲಿಯೂ ಅಲುಗಾಡುತ್ತದೆ.

ಆಕ್ಷೇಪವೊಂದು ಏಳಬಹುದು. ವಿನ್ಯಾಸ ಎಲ್ಲರದಾದರೆ ಕೈಮಗ್ಗದ ಸೀರೆಯನ್ನು ವಿದ್ಯುತ್ ಮಗ್ಗ ನಕಲು ಮಾಡದೆ? ಈ ಭಯ ನಿರಾಧಾರವಲ್ಲ. ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಟ್ಟ 1985ರ ಕಾಯಿದೆ ಹುಟ್ಟಿದ್ದೂ ಅದರಿಂದಲೇ. ಇಳಕಲ್ಲಿನ ಅಂಚನ್ನು ಅನುಕರಿಸಿ ದೊಡ್ಡಬಳ್ಳಾಪುರ ಬದುಕಬೇಕಾಗಿಲ್ಲ. ಹಾಗೆ ಬದುಕುವುದು ಒಬ್ಬ ನೇಕಾರನ ಅನ್ನವನ್ನು ಇನ್ನೊಬ್ಬ ಕಸಿದಂತೆ. ಆದ್ದರಿಂದಲೇ ಈ ಊರಿಗೆ ತನ್ನದೇ ವಿನ್ಯಾಸಗಳು ಬೇಕು.

ಅದಕ್ಕೆ ಅಸಾಧ್ಯವಾದುದೇನೂ ಬೇಕಾಗಿಲ್ಲ. ಊರಿನ ಮನೆಗಳಲ್ಲಿರುವ ಹಳೆಯ ಸೀರೆಗಳು, ನಕ್ಷೆಗಳು, ಜಕಾರ್ಡ್ ಪಟ್ಟಿಗಳು ಒಂದೆಡೆ ಸೇರಲಿ; ಅಲ್ಲಿಗೆ ಯಾವ ನೇಕಾರನಿಗೂ ಪ್ರವೇಶವಿರಲಿ; ಹೊಸ ವಿನ್ಯಾಸ ರಚಿಸುವ ವಿದ್ಯೆ ನೇಕಾರರ ಮಕ್ಕಳಿಗೆ ಅಲ್ಲಿಯೇ ದೊರೆಯಲಿ. ಸೀರೆಯ ಸೆರಗಿನಂಚಿನಲ್ಲಿ ನೇಯ್ದವರ ಹೆಸರಿನ ಚಿಕ್ಕ ಚೀಟಿಯೊಂದು ಇರಲಿ.

ತಾಳೆಗರಿಯ ಪ್ರತಿ ಮಾಡಿದ ಲಿಪಿಕಾರನೂ ಕೊನೆಯಲ್ಲಿ ತನ್ನ ಹೆಸರು ಬರೆದುಕೊಳ್ಳುತ್ತಿದ್ದುದುಂಟು. ಆರು ಗಜದ ಕೃತಿಯನ್ನು ನೇಯ್ದವರಿಗೆ ಅಷ್ಟು ಜಾಗ ಸಲ್ಲದೆ?