ಒಲೆ ಆರಿಸಿದ ಮೇಲೂ ಬೇಯುವ ಅಡುಗೆ



ಹೋದ ವರ್ಷ ಆಷಾಢದಲ್ಲಿ ನಮ್ಮ ಅತ್ತೆಯವರು ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಪೇಟೆಯ ಆಸ್ಪತ್ರೆಯಲ್ಲಿ 22 ದಿನ ಇರಬೇಕಾಯಿತು. ನಮ್ಮೂರಿಂದ ಬಸ್ಸಿನಲ್ಲಿ ಒಂದು ಗಂಟೆ ದಾರಿ. ಬೆಳಿಗ್ಗೆ 8ರ ಬಸ್ಸು ತಪ್ಪಿದರೆ ಮತ್ತೆ ಹತ್ತಕ್ಕೇ. ಅತ್ತೆಗೆ ಊಟ, ಮಕ್ಕಳಿಗೆ ಡಬ್ಬಿ, ಅಂಗಡಿಯಿಂದ ಬರುವ ಯಜಮಾನರಿಗೆ ಮಧ್ಯಾಹ್ನದ ಅಡುಗೆ, ಎಲ್ಲಾ ಅಷ್ಟರೊಳಗೆ ಆಗಬೇಕು.

ಮೂರನೆಯ ದಿನವೇ ಎಡವಟ್ಟಾಯಿತು. ಬೇಳೆಗೆ ಕುಕ್ಕರ್ ಇಟ್ಟವಳು ಗ್ಯಾಸ್ ಆರಿಸದೆ ಬಸ್ಸು ಹತ್ತಿಬಿಟ್ಟಿದ್ದೆ! ಅರ್ಧ ದಾರಿಯಲ್ಲಿ ನೆನಪಾಗಿ ಎದೆ ಧಸಕ್ಕೆಂದಿತು. ಪಕ್ಕದ ಮನೆಯ ಅಕ್ಕನ ಹತ್ತಿರ ಇನ್ನೊಂದು ಬೀಗದಕೈ ಇತ್ತು, ಫೋನ್ ಮಾಡಿದೆ. ಅವರು ಓಡಿಹೋಗಿ ಆರಿಸುವಷ್ಟರಲ್ಲಿ ಬೇಳೆ ಇದ್ದಿಲಾಗಿತ್ತಂತೆ. ಮನೆ ಉಳಿದದ್ದು ದೊಡ್ಡದು.

ಆಸ್ಪತ್ರೆಯಲ್ಲಿ ಕೂತು ಅತ್ತೆಯವರ ಮುಂದೆ ಅತ್ತೆ. ಅವರು, “ಅಯ್ಯೋ ಮಂಕೆ, ನಾವು ರಾತ್ರಿ ಬಚ್ಚಲೊಲೆಯ ಕೆಂಡದ ಮೇಲೆ ಕಾಳಿನ ಗಡಿಗೆ ಇಟ್ಟು ಮಲಗ್ತಿರಲಿಲ್ವೆ? ಬೆಳಿಗ್ಗೆ ಬೆಣ್ಣೆ ಥರ ಬೆಂದಿರ್ತಿತ್ತು. ಒಲೆ ಮುಂದೆ ಯಾರು ಕಾವಲು ಕೂತಿದ್ರು?” ಅಂದರು.

ಈಗ ಕೆಂಡ ಎಲ್ಲಿ ತರೋಣ? ಆದರೆ ಕೆಂಡವಿಲ್ಲದೆಯೂ ಇದು ಆಗುತ್ತೆ. ಚೆನ್ನಾಗಿ ಕುದಿದ ಪಾತ್ರೆಯ ಬಿಸಿ ಹೊರಗೆ ಹೋಗದ ಹಾಗೆ ಮುಚ್ಚಿಟ್ಟರೆ ಅದೇ ಬಿಸಿಯಲ್ಲಿ ಅಡುಗೆ ಬೇಯುತ್ತದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಗೃಹಿಣಿಯರೂ ಉರುವಲು ಉಳಿಸಲು ಹುಲ್ಲು ತುಂಬಿದ ಪೆಟ್ಟಿಗೆಯಲ್ಲಿ ಹೀಗೆ ಅಡುಗೆ ಮಾಡುತ್ತಿದ್ದರು.

ಪೆಟ್ಟಿಗೆ ಮಾಡಿಕೊಳ್ಳುವ ಬಗೆ: ಗಟ್ಟಿ ರಟ್ಟಿನ ಅಥವಾ ಮರದ ಪೆಟ್ಟಿಗೆ ತೆಗೆದುಕೊಳ್ಳಿ. ತಳಕ್ಕೆ ನಾಲ್ಕು ಬೆರಳಿಗಿಂತ ದಪ್ಪಗೆ ಚೆನ್ನಾಗಿ ಒಣಗಿದ ಭತ್ತದ ಹುಲ್ಲು ಒತ್ತಿ ತುಂಬಿ, ಮೇಲೆ ಹಳೆಯ ಬಟ್ಟೆ ಹಾಸಿ. ಪಾತ್ರೆ ಕೂರುವಷ್ಟು ಗುಳಿ ಬಿಟ್ಟು ಸುತ್ತಲೂ ಅಷ್ಟೇ ದಪ್ಪಗೆ ತುಂಬಿ. ಹಳೆ ಸೀರೆಯ ಚೀಲಕ್ಕೆ ಹುಲ್ಲು ತುಂಬಿ ಹೊಲಿದು ದಿಂಬು ಮಾಡಿದರೆ ಅದೇ ಮುಚ್ಚಳ. ವಾರಕ್ಕೊಮ್ಮೆ ಬಿಸಿಲಿಗೆ ಹಾಕಿ. ಪೆಟ್ಟಿಗೆ ಯಾವಾಗಲೂ ಒಲೆಯಿಂದ ದೂರ ಇರಲಿ.

ಹೆಸರುಬೇಳೆ ಹುಗ್ಗಿ

ಬೇಕಾಗುವ ಸಾಮಾನು: ಅಕ್ಕಿ 1 ಪಾವು, ಹೆಸರುಬೇಳೆ 1 ಪಾವು, ನೀರು 7 ಪಾವು, ಜೀರಿಗೆ 1 ಚಮಚ, ಕಾಳುಮೆಣಸು ಅರ್ಧ ಚಮಚ, ಶುಂಠಿ ಒಂದು ಚೂರು, ಕರಿಬೇವು, ಅರಿಶಿನ, ತುಪ್ಪ, ಕಾಯಿತುರಿ, ಉಪ್ಪು.

ಮಾಡುವ ವಿಧಾನ: ಬಿಗಿ ಮುಚ್ಚಳವಿರುವ ಪಾತ್ರೆಯಲ್ಲಿ ಬೇಳೆಯನ್ನು ತುಪ್ಪದಲ್ಲಿ ಘಮ್ಮೆನ್ನುವಂತೆ ಹುರಿಯಿರಿ. ತೊಳೆದ ಅಕ್ಕಿ, ನೀರು, ಜೀರಿಗೆ, ಮೆಣಸು, ಶುಂಠಿ, ಕರಿಬೇವು, ಅರಿಶಿನ ಹಾಕಿ ಕುದಿ ಬರಿಸಿ. ಕುದಿ ಬಂದ ಮೇಲೆ 10 ನಿಮಿಷ ಕುದಿಸಿ. ಕೊನೆಯ ಎರಡು ನಿಮಿಷ ಮುಚ್ಚಳ ಹಾಕಿಯೇ ಕುದಿಯಲಿ. ತಕ್ಷಣ ಪೆಟ್ಟಿಗೆಯಲ್ಲಿಟ್ಟು ಮೇಲೆ ದಿಂಬು ಮುಚ್ಚಿ. ಒಂದೂವರೆ ಗಂಟೆಗೆ ತೆಗೆದು ಉಪ್ಪು, ಕಾಯಿತುರಿ ಬೆರೆಸಿ ಒಂದು ಕುದಿ ಕುದಿಸಿ.

ಹೆಸರುಕಾಳಿನ ಸಾರು

ರಾತ್ರಿ ನೆನೆಸಿದ ಕಾಳನ್ನು ಬೇರೆ ನೀರಿನಲ್ಲಿ 10-15 ನಿಮಿಷ ಚೆನ್ನಾಗಿ ಕುದಿಸಿ ಪೆಟ್ಟಿಗೆಯಲ್ಲಿಡಿ. ಎರಡು-ಮೂರು ಗಂಟೆಯಲ್ಲಿ ಬೆಂದಿರುತ್ತದೆ. ಹುಣಿಸೆರಸ, ಟೊಮೇಟೊ ಮೊದಲೇ ಹಾಕಬೇಡಿ, ಹುಳಿ ಬಿದ್ದರೆ ಕಾಳು ಬೇಗ ಮೆತ್ತಗಾಗೋದಿಲ್ಲ. ಆಮೇಲೆ ಹುಳಿ, ಉಪ್ಪು, ಸಾರಿನ ಪುಡಿ ಹಾಕಿ ಕುದಿಸಿ ಒಗ್ಗರಣೆ ಕೊಡಿ.

ನೆನಪಿಡಬೇಕಾದ ಮಾತುಗಳು

ಪಾತ್ರೆಯಲ್ಲಿ ಮುಕ್ಕಾಲು ಭಾಗವಾದರೂ ಅಡುಗೆ ತುಂಬಿರಲಿ. ಸ್ವಲ್ಪವೇ ಇದ್ದರೆ ಬೇಗ ಆರುತ್ತೆ. “ಬೆಂತೋ ಏನೋ” ಅಂತ ಮಧ್ಯೆ ಮಧ್ಯೆ ತೆಗೆದು ನೋಡಬೇಡಿ. ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಪೆಟ್ಟಿಗೆಯಲ್ಲಿ ಬಿಡಬೇಡಿ, ರಾತ್ರಿಯಿಡೀ ಅಂತೂ ಬೇಡವೇ ಬೇಡ. ಕೆಂಡದ ಮೇಲಿನ ಗಡಿಗೆಗೆ ಅಡಿಯಲ್ಲಿ ಶಾಖ ಇರುತ್ತಿತ್ತು, ಇಲ್ಲಿ ಇಲ್ಲ. ಉಗುರುಬೆಚ್ಚಗಾದ ಅಡುಗೆ ಬೇಗ ಹಳಸುತ್ತೆ. ಬಡಿಸುವ ಮುಂಚೆ ಮತ್ತೆ ಕುದಿಸಲೇಬೇಕು.

ಅಮೆರಿಕದಲ್ಲಿರುವ ನನ್ನ ನಾದಿನಿ ಹತ್ತಿರ ಕರೆಂಟಿನ ಸ್ಲೋ ಕುಕ್ಕರ್ ಇದೆ. ಈಗ ನಮ್ಮ ಕಡೆಯೂ ಕೆಲವರು ತರಿಸಿಕೊಳ್ಳುತ್ತಾರೆ. ಬೆಳಿಗ್ಗೆ ಸಾಮಾನು ಹಾಕಿ ಕೆಲಸಕ್ಕೆ ಹೋದರೆ ಸಂಜೆಗೆ ಬೆಂದಿರುತ್ತೆ. ಒಂದು ಸಲ ಅವಳು ನೆನೆಸಿದ ರಾಜ್ಮಾವನ್ನು ಕುದಿಸದೆ ಹಾಗೇ ಹಾಕಿ ಸಣ್ಣ ಉರಿಯಲ್ಲಿಟ್ಟಳಂತೆ. ಆ ರಾತ್ರಿ ಮನೆಮಂದಿಗೆಲ್ಲ ವಾಂತಿ! ರಾಜ್ಮಾದಲ್ಲಿ ಹುಟ್ಟುಗುಣವಾಗಿಯೇ ಒಂದು ವಿಷದ ಅಂಶವಿದೆ. ಚೆನ್ನಾಗಿ ಕುದಿಸಿದರೆ ಅದು ಹೋಗುತ್ತದೆ, ಬರೀ ಹದಬಿಸಿಗೆ ಹೋಗೋದಿಲ್ಲ. ಆದ್ದರಿಂದ ಸೋದರಿಯರೆ, ಹುಲ್ಲಿನ ಪೆಟ್ಟಿಗೆಯಾಗಲಿ, ಕರೆಂಟಿನ ಕುಕ್ಕರಾಗಲಿ, ರಾಜ್ಮಾವನ್ನು 5 ಗಂಟೆಯಾದರೂ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಲ್ಲಿ ಅರ್ಧ ಗಂಟೆ ಕೊತಕೊತ ಕುದಿಸಿದ ಮೇಲೆಯೇ ಇಡಿ.

ಆಮೇಲೆ ನನ್ನ ಬೆಳಗು ಹಗುರಾಯಿತು. 6ಕ್ಕೆ ಹುಗ್ಗಿ ಪೆಟ್ಟಿಗೆಗೆ ಹೋದರೆ ಏಳೂವರೆಗೆ ಕ್ಯಾರಿಯರ್‌ಗೆ. ಹೊರಡುವಾಗ ಅದೇ ಪೆಟ್ಟಿಗೆಯಲ್ಲಿ ಕಾಳಿನ ಪಾತ್ರೆ. ಹನ್ನೊಂದೂವರೆಗೆ ಯಜಮಾನರು ಬಂದು ತೆಗೆದು ಹುಳಿ, ಪುಡಿ ಹಾಕಿ ಕುದಿಸಬೇಕು. ಇಪ್ಪತ್ತು ವರ್ಷದಲ್ಲಿ ಒಲೆ ಹಚ್ಚದ ಮನುಷ್ಯ! ಮೊದಲ ದಿನ ಉಪ್ಪು ಹಾಕೋದನ್ನೇ ಮರೆತರು. ವಾರದಲ್ಲಿ ಸಾಸಿವೆ ಸಿಡಿಸುವುದನ್ನೂ ಕಲಿತರು.

ಊಟ ಸೇರದೆ ಇದ್ದ ಅತ್ತೆಯವರು ಆ ಹುಗ್ಗಿಯನ್ನು ಎರಡನೇ ಸಲ ಕೇಳಿ ಹಾಕಿಸಿಕೊಂಡರು. ಈಗ ಕೋಲು ಹಿಡಿದು ಅಡುಗೆಮನೆವರೆಗೆ ಬರುತ್ತಾರೆ. ಯಜಮಾನರು ಈಗಲೂ ಭಾನುವಾರ ಸಾರು ಮಾಡುತ್ತಾರೆ. ಅತ್ತೆಯವರು ಕುರ್ಚಿಯಲ್ಲಿ ಕೂತು, “ಇಂಗು ಮರೀಬೇಡ್ವೋ” ಅನ್ನುತ್ತಾರೆ.

ನೀವೂ ಮಾಡಿ ನೋಡಿ. ಹೇಗಾಯಿತೆಂದು ಎರಡು ಸಾಲು ಬರೆಯಿರಿ.